ಅಜಾನ್‌ಗೆ ಮುಂಚೆ ತಿಂದ ಖರ್ಜೂರ

ಭಾಗ್ಯಾ,

ಈ ಕಾಗದ ನೀನೀಗ ಇರುವ ಎಚ್.ಡಿ. ಕೋಟೆಗೆ ಬರುವುದಿಲ್ಲ. ನನ್ನ ಕೈಬರಹ ಕಂಡರೆ ನೀನು ಓದದೆ ಒಲೆಗೆ ಹಾಕುತ್ತೀಯ, ಹಾಕಬೇಕಾದ್ದೇ.

ಇವತ್ತು ಬೀದಿಯ ಹೆಂಗಸರೆಲ್ಲ ಇಫ್ತಾರಿಗೆ ನಮ್ಮ ಮನೆಗೆ ಬಂದಿದ್ದರು. ಕುರಾನ್ ಪಾಠ ಹೇಳುವ ಆಪಾ, "ರಂಜಾನ್ ತಿಂಗಳು ಹೆಂಗೆ ಕಳೀಬೇಕು ಅಂತ ಶಮೀಮಕ್ಕನ್ನ ನೋಡಿ ಕಲೀರಿ. ಒಂದು ರೋಜಾ ಬಿಟ್ಟಿಲ್ಲ, ಕುರಾನ್ ಎರಡು ಸಲ ಓದಿ ಮುಗಿಸವ್ರೆ" ಅಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು.

ಉಪವಾಸ ಬಿಡುವ ಅಜಾನ್‌ಗೆ ಇನ್ನೂ ಐದು ನಿಮಿಷವಿತ್ತು. ಎದುರುಮನೆ ಜರೀನಾ ಕೇಳಿದಳು, "ಅಕ್ಕಾ, ಆ ಭಾಗ್ಯಮ್ಮನ ಮಗಳಿಗೆ ಈಗ್ಲೂ ಫಿಟ್ಸ್ ಬತ್ತದಾ?"

ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ನೀನು ನನ್ನೊಬ್ಬಳ ಮುಂದೆ ಅತ್ತು ಹೇಳಿದ್ದನ್ನು, ಮೂರು ವರ್ಷದ ಹಿಂದೆ ಹೀಗೇ ರೋಜಾ ಹಿಡಿದು, ಇದೇ ಚಾಪೆಯ ಮೇಲೆ ಕೂತು ಇವರಿಗೆಲ್ಲ ಹೇಳಿದವಳು ನಾನು. ವಾರದೊಳಗೆ ನಿನ್ನ ಮಗಳು ಸ್ಪಂದನಾಳಿಗೆ ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ನೀವು ಗಾವಡಗೆರೆ ಬಿಟ್ಟು ಹೋದಿರಿ.

ಬಾಯಿ ತೆರೆದರೆ ಮತ್ತೆ ಅದೇ ಹೊರಬರುತ್ತದೆ ಅನ್ನಿಸಿತು. ತಟ್ಟೆಯಲ್ಲಿದ್ದ ಖರ್ಜೂರವನ್ನು ಬಾಯಿಗೆ ತುರುಕಿಕೊಂಡು ನುಂಗಿದೆ.

"ಅಯ್ಯೋ, ಇನ್ನೂ ಅಜಾನ್ ಆಗಿಲ್ಲ ಕಣಕ್ಕಾ!" ಜರೀನಾ ಕೂಗಿದಳು.

ಬೇಕೆಂದೇ ಮುರಿದ ರೋಜಾಕ್ಕೆ ಪ್ರಾಯಶ್ಚಿತ್ತವಾಗಿ ಅರವತ್ತು ದಿನ ಬಿಡದೆ ಉಪವಾಸ ಹಿಡಿಯಬೇಕೆಂದು ಆಪಾ ಗದರಿದರು. ಹಿಡಿಯುತ್ತೇನೆ ಬಿಡು.

ಆ ದಿನ ನಿನ್ನ ಮಗಳ ವಿಷಯ ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ಅಜಾನ್ ಆಗಿತ್ತು. ಇದೇ ಆಪಾ ನನ್ನ ಕೈಗೆ ಖರ್ಜೂರ ಕೊಟ್ಟು, "ಅಲ್ಲಾಹು ನಿಮ್ಮ ರೋಜಾ ಒಪ್ಪಿಕೊಳ್ಳಲಿ" ಎಂದು ಹರಸಿದ್ದರು.

ಶಮೀಮ