ಉಪ್ಪು ಬಿಟ್ಟ ಮನೆ

ವಿಜಯವಾಡ
ಗುರುವಾರ, 14 ನವೆಂಬರ್ 2024

ಮುದ್ದಿನ ನಿಶ್ಚಿತಾ,

ಹೇಗಿದ್ದೀಯಮ್ಮಾ? ಗಾಜುವಾಕದ ಆ ಧೂಳಿನಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಲ್ಯಾಬಿನಲ್ಲೇ ಬಿಸ್ಕತ್ತು ತಿಂದು ದಿನ ದೂಡುತ್ತೀಯೋ? ನಾನು ಆಸ್ಪತ್ರೆಯಿಂದ ಬಂದು ಸುಧಾರಿಸಿಕೊಂಡಿದ್ದೇನೆ. ಕೈ ನಡುಕ ಹೋಗಿದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಫೋನ್ ಇರುವಾಗ ಅಪ್ಪನದು ಇದೇನು ಹಳೇ ಚಾಳಿ ಎನ್ನಬೇಡ. ಸ್ಪೀಕರ್ ಹಾಕದೆ ನಾನು ನಿನ್ನ ಜೊತೆ ಮಾತಾಡಲು ನಿನ್ನಮ್ಮ ಯಾವತ್ತಾದರೂ ಬಿಟ್ಟಿದ್ದುಂಟೇ?

ಅವತ್ತು ಫೋನಿನಲ್ಲಿ ನನ್ನ ನಾಲಿಗೆ ತೊದಲಿದ್ದು ಕೇಳಿ, "ಅಪ್ಪಾ, ಇವತ್ತು ಮಾತ್ರೆ ನುಂಗಬೇಡಿ, ಮೊದ್ಲು ಬ್ಲಡ್ ಟೆಸ್ಟ್ ಮಾಡ್ಸಿ" ಎಂದು ಕಿರುಚಿದೆಯಲ್ಲ, ನನಗೆ ಸಿಟ್ಟೇ ಬಂದಿತ್ತು. ಇಷ್ಟು ವರ್ಷ ಮನಸ್ಸಿನ ಕಾಯಿಲೆಗೆ ಲಿಥಿಯಂ ನುಂಗಿಕೊಂಡೇ ಬ್ಯಾಂಕಿನ ಕೆಲಸ ಮುಗಿಸಿ ನಿವೃತ್ತನಾದವನಿಗೆ ಮಗಳ ಪಾಠವೇ! ಅಪ್ಪನ ಕಾಯಿಲೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡವಳು ನೀನು, ಮಿದುಳಿನಲ್ಲಿ ಆ ಮದ್ದು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲೆ ಎಂಬುದು ಆಗ ತಲೆಗೆ ಹೋಗಲಿಲ್ಲ. ನಿನ್ನಮ್ಮನಂತೂ ಹಳೆಯ ಹುಚ್ಚೇ ಮರಳಿತೆಂದು ಅಳುತ್ತಿದ್ದಳು. ಪಕ್ಕದ ಮನೆಯ ಹಾರಿಕಾ ಓಡಿಹೋಗಿ ಆಟೋ ತಂದಳು. ಪರೀಕ್ಷೆಯಲ್ಲಿ ಲಿಥಿಯಂ ಮಿತಿ ಮೀರಿತ್ತು. ಕಾಯಿಲೆ ಮರಳಿರಲಿಲ್ಲ, ಮದ್ದೇ ಮೈಯಲ್ಲಿ ವಿಷವಾಗಿತ್ತು.

ಯಾಕೆ ಏರಿತು ಎಂದು ನೀನು ಕೇಳಿದಾಗಲೆಲ್ಲ ಗೊತ್ತಿಲ್ಲ ಎನ್ನುತ್ತಾ ಬಂದೆ. ನಿನ್ನಮ್ಮ ಪಕ್ಕದಲ್ಲೇ ಇರುತ್ತಿದ್ದಳಲ್ಲ. ಮನೆಗೆ ಕಳಿಸುವ ದಿನ ಅವಳು ಕಾಫಿ ತರಲು ಕೆಳಗೆ ಹೋಗಿದ್ದಾಗ ಡಾಕ್ಟರ್ ಸಾಯಿಕಿರಣ್ ತಮಗೆ ಬಂದಷ್ಟು ತೆಲುಗು ಬೆರೆತ ಕನ್ನಡದಲ್ಲಿ, "ಊಟದಲ್ಲಿ ಉಪ್ಪು ತಗ್ಗಿಸಿದ್ರಾ ಅಂಡಿ?" ಎಂದರು. ಆಗಲೇ ನನಗೆ ಹೊಳೆದದ್ದು. ದಸರೆಯಲ್ಲಿ ದುರ್ಗಮ್ಮನ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಬಂದ ನಿನ್ನಮ್ಮ ಏನೋ ಹರಕೆ ಹೊತ್ತು ಉಪ್ಪು ಬಿಟ್ಟಿದ್ದಳು. ಹರಕೆಯ ಮನೆಯಲ್ಲಿ ಎರಡು ಅಡುಗೆ ಮಾಡಬಾರದಂತೆ. "ಸಪ್ಪೆ ಊಟ ನಿಮ್ ಬಿ.ಪಿ.ಗೂ ಒಳ್ಳೇದು ಕಣ್ರೀ" ಎಂದಳು, ನಾನೂ ಹೂಂ ಎಂದೆ. ಉಪ್ಪು ತಗ್ಗಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡುವುದಿಲ್ಲವಂತೆ. ನೋಡು, ನಿನಗೆ ಗೊತ್ತಿರುವುದನ್ನು ನಿನಗೇ ಹೇಳುತ್ತಿದ್ದೇನೆ.

ಈಗ ಅವಳು, ಹರಕೆ ಹೊತ್ತಿದ್ದಕ್ಕೇ ದುರ್ಗಮ್ಮ ನನ್ನನ್ನು ಉಳಿಸಿಕೊಟ್ಟಳು ಎಂದು ಅದನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದಾಳೆ. ಮನೆಯೊಳಗೆ ಉಪ್ಪಿನ ಡಬ್ಬಿಯೇ ಇಲ್ಲ. ನಾನು ಸಂಜೆ ವಾಕಿಂಗ್ ನೆಪ ಹೇಳಿ ಬಂಡಿಯ ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತೇನೆ. ಈ ವಯಸ್ಸಿನಲ್ಲಿ ಉಪ್ಪಿನ ಕಳ್ಳ! ಆದರೆ ಇದು ಹೀಗೇ ನಡೆಯುವುದಿಲ್ಲ. ಇನ್ನೊಮ್ಮೆ ಲಿಥಿಯಂ ಏರಿದರೆ ಉಳಿಸುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅವಳಿಗೆ ನಿಜ ಹೇಳಲು ನನಗೆ ಬಾಯಿ ಬರುವುದಿಲ್ಲ. ತಲೆ ಕೆಟ್ಟು ನಾನು ಬೀದಿ ಸುತ್ತುತ್ತಿದ್ದ ಕಾಲದಲ್ಲಿ ತವರಿನವರು ಕರೆದರೂ ಹೋಗದೆ, ದಿನಾ ತನ್ನ ಅಂಗೈಯಲ್ಲೇ ಮಾತ್ರೆ ಇಟ್ಟು ಕೊಟ್ಟವಳು ಅವಳು. ನಿನ್ನ ಅಡುಗೆಯೇ ನನ್ನನ್ನು ಸಾಯಿಸುತ್ತಿತ್ತು ಎಂದು ಅವಳಿಗೆ ಹೇಗೆ ಹೇಳಲಿ? ಕೇಳಿದರೆ ಮತ್ತೆ ಒಲೆ ಮುಂದೆ ನಿಲ್ಲುವವಳಲ್ಲ.

ನಿನ್ನ ಜೊತೆಯ ಉಷಶ್ರೀಗೆ ಕೇಳಿದೆನೆಂದು ಹೇಳು. ಆರೋಗ್ಯ ನೋಡಿಕೋ ಕಂದಾ. ದುರ್ಗಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಶಂಕರಪ್ಪ

ವಿ.ಸೂ.: ಅವಳು ಹಾಲು ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಹರಕೆ ಏನೆಂದು ನಿನ್ನೆ ಬಾಯಿ ಬಿಡಿಸಿದೆ. "ನಮ್ಮ ಹುಡುಗಿ ಓದಿನಿಂದ ಒಂದಾದ್ರೂ ಜೀವ ಉಳೀಲಿ ತಾಯೀ, ಅಲ್ಲೀತನಕ ಉಪ್ಪು ಮುಟ್ಟಲ್ಲ" ಅಂತ ಬೇಡಿಕೊಂಡಿದ್ದಾಳೆ. ಶನಿವಾರದ ರೈಲಿಗೆ ಬಂದುಬಿಡು. ಉಪ್ಪಿನಿಂದ ಹೀಗಾಯಿತೆಂದು ಮಾತ್ರ ಬಾಯಿ ಬಿಡಬೇಡ. ಹರಕೆ ತೀರಿತಮ್ಮಾ ಎಂದಷ್ಟೇ ಹೇಳು. ಸುಳ್ಳು ಹೇಳೆಂದು ಕೇಳುತ್ತಿಲ್ಲ ಮಗಳೇ, ನಿನ್ನ ಓದಿನಿಂದ ಉಳಿದ ಜೀವ ನನ್ನದೇ.