ಮೈಹಾಲು, ಕೈಹಾಲು

ನೆರಳೋಣಿ, ಬೆಟಗೇರಿ
ನೀಳಶ್ರಾವಣದ ನಲವತ್ತೇಳನೆಯ ದಿನ

ನನ್ನ ಮುತ್ತಜ್ಜಿಯ ಅಜ್ಜಿಯಾದ ದಾಕ್ಷಾಯಣವ್ವನವರಿಗೆ ನೀಲವ್ವ ಮಾಡುವ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ, ಈ ವರ್ಷ ಅದು ನಿಲ್ಲುವ ಲಕ್ಷಣ ಕಾಣುತ್ತಿಲ್ಲ. ನಿಮ್ಮ ಲೆಕ್ಕದಲ್ಲಿ ನಾನು ಇಪ್ಪತ್ಮೂರನೆಯ ಶತಮಾನದ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಮ್ಮ ಶಾಲೆಗಳಲ್ಲಿ ಹಳಗನ್ನಡ ಎಂದು ಕಲಿಸುತ್ತಾರೆ, ಮಕ್ಕಳು ಅದರಲ್ಲಿ ನಪಾಸಾಗುತ್ತಾರೆ. ಇನ್ನೊಂದು ಮುಜುಗರವೂ ಇದೆ. ನಿಮ್ಮನ್ನು ಅವ್ವ ಎಂದು ಕರೆಯುತ್ತಿದ್ದೇನೆ, ಆದರೆ ಈ ಪತ್ರ ತಲುಪಬೇಕಾದ ಹೊತ್ತಿಗೆ ನೀವು ಇಪ್ಪತ್ತಾರರ ಹುಡುಗಿ, ನನಗೆ ಅರವತ್ತು ದಾಟಿದೆ. ಎದುರಿಗೆ ಸಿಕ್ಕರೆ ಯಾರು ಯಾರ ಕಾಲಿಗೆ ಬೀಳಬೇಕೋ ತಿಳಿಯದು.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಕೂಸು ಹುಟ್ಟಿದಾಗ ಅಜ್ಜಿಯಾದವಳು ಹಿಂದಿನ ಕಾಲದ ಹಿರಿಯಳೊಬ್ಬಳಿಗೆ ಓಲೆ ಬರೆದು, ಅದನ್ನು ಬಾಣಂತಿಯ ಮುಂದೆ ಗಟ್ಟಿಯಾಗಿ ಓದುವುದು ರೂಢಿ. ಅದು ನಿಜವಾಗಿ ತಲುಪುತ್ತದೆಯೇ ಎಂದು ಕೇಳುವವರನ್ನು ಊಟದ ಪಂಕ್ತಿಯಲ್ಲಿ ಕೊನೆಗೆ ಕೂರಿಸುತ್ತೇವೆ. ಸಾಮಾನ್ಯವಾಗಿ ಕೂಸಿನ ಮೂಗು ಯಾರದು, ಕಿವಿ ಯಾರದು ಎಂದು ಬರೆದರೆ ಮುಗಿಯಿತು. ನನ್ನ ಓಲೆ ಹಾಗಿಲ್ಲ. ನನ್ನ ಮಗಳು ಮುಕ್ತವ್ವ ತನ್ನ ಕೂಸನ್ನು ಎತ್ತಿಕೊಳ್ಳುತ್ತಿಲ್ಲ. ಎದೆಯಲ್ಲಿ ಹಾಲು ಸಾಲದೆ ಬಾಟಲಿ ಹಿಡಿದವರಲ್ಲಿ ನಮ್ಮ ಮನೆತನದಲ್ಲಿ ಹೆಸರು ಉಳಿದಿರುವುದು ನಿಮ್ಮದೊಂದೇ, ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ನಮ್ಮ ಓಣಿ ಹೇಗಿದೆ ಎಂದು ಮೊದಲು ಹೇಳಬೇಕು. ಬೇಸಿಗೆ ನಿಮ್ಮ ಕಾಲಕ್ಕಿಂತ ಬಹಳ ಕೆಟ್ಟದಾಗಿರುವುದರಿಂದ ಓಣಿಗಳ ಮೇಲೆಲ್ಲ ಬಳ್ಳಿಯ ಚಪ್ಪರ ಹಬ್ಬಿಸಿದ್ದೇವೆ, ನೆರಳೋಣಿ ಎಂಬ ಹೆಸರು ಅದರಿಂದ ಬಂದದ್ದು. ಪ್ರತಿ ಓಣಿಯ ತಿರುವಿನಲ್ಲಿ ಒಂದು ಹಾಲುಮನೆ ಇದೆ. ಒಂದೇ ದೊಡ್ಡ ಕೋಣೆ, ಸುತ್ತಲೂ ತಗ್ಗಿನ ಕಟ್ಟೆ, ಬೆನ್ನಿಗೆ ದಿಂಬು, ಕಾಲಿಗೆ ಮಣೆ. ಮೊಲೆಯುಣಿಸುವವರು, ಬಾಟಲಿ ಹಿಡಿಯುವವರು, ಕೆಲಸದ ನಡುವೆ ಓಡಿಬಂದ ಅಪ್ಪಂದಿರು, ಎಲ್ಲರೂ ಅಲ್ಲೇ ಕೂತು ಕೂಸುಗಳಿಗೆ ಹಾಲು ಕೊಡುತ್ತಾರೆ. ಹಾಲಿನ ಹೊತ್ತಿಗೆ ಯಾರನ್ನೂ ಯಾವ ಕಚೇರಿಯೂ ಕಾರ್ಖಾನೆಯೂ ತಡೆಯುವಂತಿಲ್ಲ. ಅಪ್ಪಂದಿರ ಜೋಗುಳ ಕೇಳಿ ಸುಮ್ಮನಿದ್ದ ಕೂಸೂ ಅಳಲು ಶುರುಮಾಡುವುದುಂಟು, ಆದರೂ ಅವರು ಹಾಡುವುದನ್ನು ಬಿಡುವುದಿಲ್ಲ. ಈ ಮನೆಯನ್ನು ನೋಡಿಕೊಳ್ಳುವವಳು ಹಾಲವ್ವ. ಹೊಸ ಬಾಣಂತಿಗೆ ಕೂಸನ್ನು ಎದೆಗೆ ಹೇಗೆ ಹಿಡಿಯಬೇಕೆಂದು ತೋರಿಸುವುದು, ಹೆಚ್ಚು ಹಾಲಿರುವವರಿಂದ ಪಡೆದು ಕಾಸಿ ತಂಪಿನಲ್ಲಿಟ್ಟು ಕಡಿಮೆ ಇರುವವರಿಗೆ ಕೊಡುವುದು, ಅದೂ ಸಾಲದಿದ್ದರೆ ಹುಡಿಹಾಲು ಕಲಸಿ ಬಾಟಲಿ ತುಂಬುವುದು ಆಕೆಯ ಕೆಲಸ. ಒಂದು ಕಟ್ಟುಪಾಡು ಮಾತ್ರ ಯಾರಿಗೂ ಸಡಿಲವಿಲ್ಲ. ಹಾಲು ಎಲ್ಲಿಂದಲೇ ಬರಲಿ, ಕೂಸು ಎದೆಗೆ ಆತುಕೊಂಡಿರಬೇಕು, ಕೊಡುವವರು ಅದರ ಮುಖ ನೋಡುತ್ತಿರಬೇಕು.

ಈ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ. ನಿಮ್ಮ ಮೊಮ್ಮಗಳು ತಾಯಿಯಾಗುವ ಕಾಲಕ್ಕೆ ಊರಿಗೆ ಸಾಕುತೊಟ್ಟಿಲು ಎಂಬ ಯಂತ್ರ ಬಂತು. ಅದು ಕೂಸಿನ ಹಸಿವನ್ನು ತಾನೇ ಅರಿತು, ಮೇಲಿನಿಂದ ಬಾಟಲಿ ಇಳಿಸಿ, ಹದವಾದ ಬಿಸಿಯ ಹಾಲು ಕುಡಿಸಿ, ತೂಗಿ, ಹಾಡಿ, ಮಲಗಿಸುತ್ತಿತ್ತು. ದುಡಿದು ದಣಿದ ತಾಯಂದಿರು ಅದನ್ನು ದೇವರು ಕೊಟ್ಟದ್ದು ಅಂದುಕೊಂಡರು, ನಾನು ಅವರನ್ನು ದೂರುವುದಿಲ್ಲ. ಮಕ್ಕಳು ತೂಕ ಹಾಕಿದವು, ಹೊತ್ತಿಗೆ ಸರಿಯಾಗಿ ಹಲ್ಲು ಬಂದವು. ಆದರೆ ಮಾತು ತಡವಾಯಿತು. ಯಾರು ಕರೆದರೂ ತಿರುಗುತ್ತಿರಲಿಲ್ಲ, ಹಸಿವಾದರೆ ಸೂರಿನ ಕಡೆ ನೋಡುತ್ತಿದ್ದವು. ಅವುಗಳನ್ನು ಮುಗಿಲಗಣ್ಣಿನ ಮಕ್ಕಳು ಎಂದು ಕರೆದರು. ನನ್ನ ಅಜ್ಜಿ ಅವರಲ್ಲೊಬ್ಬಳು. ಮುಪ್ಪಿನಲ್ಲೂ ಆಕೆ ಹಸಿವಾದಾಗ ಮೊದಲು ಸೂರು ನೋಡಿ, ಆಮೇಲೆ ನಮ್ಮ ಕಡೆ ತಿರುಗಿ “ಏನರ ತಿನ್ನಾಕ ಕೊಡವಾ” ಎನ್ನುತ್ತಿದ್ದಳು. ನಾವು ಚಿಕ್ಕವರು ನಗುತ್ತಿದ್ದೆವು, ಈಗ ನೆನೆದರೆ ನಗು ಬರುವುದಿಲ್ಲ.

ಆಮೇಲೆ ಜನಕ್ಕೆ ಸಿಟ್ಟು ಬಂತು, ಆದರೆ ಅದು ತಪ್ಪು ಜಾಗಕ್ಕೆ ತಿರುಗಿತು. ತೊಟ್ಟಿಲಿನ ಮೇಲೆ ಹೋಗಬೇಕಾದ ಸಿಟ್ಟು ಬಾಟಲಿಯ ಮೇಲೆ ಹೋಯಿತು. ಬಾಟಲಿಗಳನ್ನು ನಡುಬೀದಿಯಲ್ಲಿ ಒಡೆದರು. ಹಾಲಿಲ್ಲದ ತಾಯಂದಿರು ಹೇಳಿಕೊಳ್ಳಲಾರದೆ ಬಾಗಿಲು ಹಾಕಿಕೊಂಡರು, ಕೆಲವು ಕೂಸುಗಳು ಬಾಯಾರಿ ಸೊರಗಿದವು, ಕೆಲವು ಉಳಿಯಲಿಲ್ಲ. ಈ ಎರಡೂ ಕೇಡುಗಳನ್ನು ಕಂಡಾದ ಮೇಲೆ ಹಾಲುಮನೆ ಹುಟ್ಟಿತು. ಅದರ ಬಾಗಿಲ ಮೇಲೆ ನಿಮ್ಮ ಕಾಲದ ಆಸ್ಪತ್ರೆಗಳಲ್ಲಿ ಇರುತ್ತಿತ್ತಂತೆ ಎನ್ನುವ ಒಂದು ಸಾಲನ್ನು ಕೆತ್ತಿಸಿದರು: ಮೊದಲ ಆರು ತಿಂಗಳು ಎದೆಹಾಲು ಮಾತ್ರ.

ಇಲ್ಲಿಯೇ ನಮ್ಮವರು ಎಡವಿದರು ನೋಡಿ. ತೊಟ್ಟಿಲಿನ ಕಾಲ ದಾಟಿಬಂದ ಜನಕ್ಕೆ ಎದೆಹಾಲು ಎಂದರೆ ಎದೆಗೆ ಅವಚಿಕೊಂಡು ಕೊಟ್ಟ ಹಾಲು ಎಂದೇ ಅರ್ಥವಾಯಿತು. ಬೇರೆ ಅರ್ಥ ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ತಾಯಿಯ ಮೈಯಿಂದ ಬಂದರೆ ಅದು ಮೈಹಾಲು, ಬಾಟಲಿಯಿಂದ ಬಂದರೆ ಕೈಹಾಲು, ಎದೆಗೆ ಹಚ್ಚಿಕೊಂಡು ಕೊಟ್ಟರೆ ಎರಡೂ ಎದೆಹಾಲು. ನಾಲ್ಕು ತಲೆಮಾರಿನ ಮಕ್ಕಳು ಈ ತಪ್ಪು ಅರ್ಥದ ಮೇಲೆ ಬೆಳೆದರು, ಚೆನ್ನಾಗಿಯೇ ಬೆಳೆದರು. ಮೈಹಾಲಿನ ಗುಣ ನಮಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಮೊದಲ ದಿನಗಳ ಹಳದಿ ಹಾಲನ್ನು ಹಾಲವ್ವ ಒಂದು ಹನಿಯೂ ಚೆಲ್ಲಗೊಡುವುದಿಲ್ಲ. ಭೇದಿ, ನೆಗಡಿ, ಕಿವಿನೋವುಗಳಿಂದ ಅದು ಕೂಸನ್ನು ಕಾಯುವಷ್ಟು ಹುಡಿಹಾಲು ಕಾಯುವುದಿಲ್ಲ. ಅದಕ್ಕೇ ಆಕೆ ಮೈಹಾಲಿಗಾಗಿ ಮೊದಲು ಎಲ್ಲ ಪ್ರಯತ್ನ ಮಾಡುತ್ತಾಳೆ. ಆದರೆ ದೊಡ್ಡವರಾದ ಮೇಲೆ ಇದು ಮೈಹಾಲಿನ ಹುಡುಗಿ, ಇದು ಕೈಹಾಲಿನ ಹುಡುಗ ಎಂದು ಬೆರಳಿಟ್ಟು ತೋರಿಸಲು ನಮ್ಮ ಓಣಿಯಲ್ಲಿ ಯಾರಿಂದಲೂ ಆಗದು.

ಹೀಗಿರುವಾಗ ಹಳಗನ್ನಡದ ಮೇಷ್ಟ್ರು ವಿರೂಪಾಕ್ಷ ಬಂದ. ಒಳ್ಳೆಯವನು, ಓದಿದವನು, ಬಾಯಿಗೆ ಬೀಗವಿಲ್ಲದವನು. ಓಣಿಯ ಸಭೆಯಲ್ಲಿ ಎದ್ದು ನಿಂತು, ಬಾಗಿಲ ಮೇಲಿನ ಸಾಲನ್ನು ನಾವು ಇಷ್ಟು ವರ್ಷ ತಪ್ಪಾಗಿ ಓದಿದ್ದೇವೆ, ಹಿಂದಿನವರ ಪ್ರಕಾರ ಎದೆಹಾಲು ಎಂದರೆ ತಾಯಿಯ ಮೈಹಾಲು ಮಾತ್ರ ಎಂದು ವಿವರಿಸಿದ. ಅವನು ಹೇಳಿದ್ದು ಸರಿ, ಅದೇ ಕಷ್ಟ. ನಮ್ಮ ಹಾಲವ್ವ ಕಟ್ಟುನಿಟ್ಟಿನವಳು. “ಗೊತ್ತಾದ ಮ್ಯಾಲೂ ಸುಳ್ಳು ನಡಸಬಾರದು. ಹಾಲುಮನ್ಯಾಗ ಒಂದು ಪರದೆ ಕಟ್ಟೋಣು. ಎದಿಹಾಲಿನವರು ಈ ಕಡೆ, ಬಾಟಲಿಯವರು ಆ ಕಡೆ” ಎಂದಳು. ತೀರ್ಮಾನಕ್ಕೆ ಮುಂದಿನ ಸಭೆ ಗೊತ್ತಾಯಿತು.

ಮೇಷ್ಟ್ರು ಮಾತಾಡಿದ ಆ ಮೊದಲ ಸಭೆಯಲ್ಲಿ ಮುಕ್ತವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೆರಿಗೆಯಲ್ಲಿ ಅವಳ ಮೈಯಿಂದ ರಕ್ತ ಬಹಳ ಹೋಗಿತ್ತು. ಎಷ್ಟು ಪ್ರಯತ್ನಪಟ್ಟರೂ ಹಾಲು ಹನಿಹನಿಯಾಗಿಯೇ ಬಂತು, ಕೂಸು ಕೈಹಾಲಿನ ಮೇಲೇ ಇತ್ತು. ಅಂದು ಮನೆಗೆ ಬಂದವಳು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ತಾನು ಪಕ್ಕದಲ್ಲಿ ನಿಂತು, ಕೈ ಉದ್ದ ಚಾಚಿ, ಮುಖ ಅತ್ತ ತಿರುಗಿಸಿ ಬಾಟಲಿ ಹಿಡಿದಳು. ಇದೇನು ಮಾಡುತ್ತಿದ್ದೀ ಎಂದರೆ “ಎದಿಗೆ ಹಚ್ಗೊಂಡ್ರ ಕೂಸಿಗೆ ಸುಳ್ಳ ಹೇಳಿದಂಗ ಆಗ್ತೈತಿ ಯವ್ವಾ. ಅಲ್ಲಿ ಏನೂ ಇಲ್ಲಲ್ಲ” ಎಂದಳು. ಅಂದಿನಿಂದ ಹಾಗೆಯೇ ನಡೆದಿದೆ. ಅಳಿಯ ಕೂಸನ್ನು ಎತ್ತಿಕೊಳ್ಳುತ್ತಾನೆ, ನಾನು ಎತ್ತಿಕೊಳ್ಳುತ್ತೇನೆ, ಹೆತ್ತವಳು ಎತ್ತಿಕೊಳ್ಳುವುದಿಲ್ಲ. ಇವತ್ತು ನಾನು ತೊಟ್ಟಿಲಿನ ಹತ್ತಿರ ಹೋದಾಗ ಮೊಮ್ಮಗಳು ಬಾಯಿ ಚಪ್ಪರಿಸುತ್ತ ಸೂರಿನ ಕಡೆ ನೋಡುತ್ತಿದ್ದಳು. ತಕ್ಷಣ ಎತ್ತಿಕೊಂಡೆ. ಇನ್ನು ಬರೆಯಲಾರೆ. ನಾಳೆ ಸಭೆ ಇದೆ, ಮುಗಿಸಿಕೊಂಡು ಬಂದು ಬರೆಯುತ್ತೇನೆ.

ಸಭೆ ಮುಗಿಯಿತು, ದಾಕ್ಷಾಯಣವ್ವ. ನಾನು ಒಂದು ಭಾಷಣವನ್ನೇ ಕಟ್ಟಿಕೊಂಡು ಹೋಗಿದ್ದೆ, ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ಹಾಲವ್ವ ಪರದೆಯ ಬಟ್ಟೆಯನ್ನೂ ತಂದಿದ್ದಳು. ಅದನ್ನು ಕಟ್ಟಲು ಹೊರಟಾಗ ಅವಳಿ ಕೂಸುಗಳ ತಾಯಿ ಹುಲಿಗೆವ್ವ ಎದ್ದು ನಿಂತಳು. ಅವಳು ಒಂದಕ್ಕೆ ಮೊಲೆ ಕೊಟ್ಟು ಇನ್ನೊಂದಕ್ಕೆ ಬಾಟಲಿ ಹಿಡಿಯುತ್ತಾಳೆ, ಮರುಹೊತ್ತಿಗೆ ಅದಲುಬದಲು ಮಾಡುತ್ತಾಳೆ. “ನಾ ಎಲ್ಲಿ ಕುಂಡ್ರಬೇಕು ಹೇಳವಾ ಹಾಲವ್ವ? ನಟ್ಟನಡುವ ಕುಂತು ಪರದೆ ಅರಬಿ ತಲಿ ಮ್ಯಾಲ ಹೊತ್ಗೊಳ್ಳೇನು?” ಎಂದಳು. ಒಬ್ಬ ಅಪ್ಪ ಹಿಂದಿನಿಂದ “ನಾವು ಗಂಡಸರು ಹೊರಗ ಹೋಗೂಣೇನು?” ಎಂದ. ಹಗಲು ಮೈಹಾಲು, ಸಂಜೆ ಕೈಹಾಲು ಕೊಡುವ ಹೆಂಗಸರು ಒಬ್ಬೊಬ್ಬರಾಗಿ ಕೈ ಎತ್ತಿದರು. ಎರಡೂ ಕೊಡುವವರೇ ಹೆಚ್ಚು, ಇಷ್ಟು ದಿನ ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಎಲ್ಲರೂ ನಗತೊಡಗಿದರು. ಹಾಲವ್ವ ಬಹಳ ಹೊತ್ತು ಬಿಗಿದುಕೊಂಡು ನಿಂತಿದ್ದಳು, ಕೊನೆಗೆ ಅವಳಿಗೂ ನಗು ತಡೆಯಲಾಗಲಿಲ್ಲ. ವಿರೂಪಾಕ್ಷ ಮೆಲ್ಲಗೆ, ಹಳೆಯ ಅರ್ಥ ಇತ್ತೆಂದು ತಿಳಿಸುವುದು ತನ್ನ ಕೆಲಸ, ಯಾವ ಅರ್ಥದಲ್ಲಿ ಬದುಕಬೇಕೆಂಬುದು ಓಣಿಗೆ ಬಿಟ್ಟದ್ದು ಎಂದ. ಈ ಮಾತನ್ನು ಅವನು ಮೊದಲೇ ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಪರದೆಯ ಬಟ್ಟೆಯನ್ನು ಹರಿದು ಕೂಸುಗಳ ಬಾಯಿ ಒರೆಸಲು ಹಂಚಿದರು.

ಕುಣಿಯುತ್ತ ಮನೆಗೆ ಬಂದು ಎಲ್ಲವನ್ನೂ ಮುಕ್ತವ್ವನಿಗೆ ಹೇಳಿದೆ. ಅವಳು ಹುಲಿಗೆವ್ವನ ಮಾತಿಗೆ ನಕ್ಕಳು ಕೂಡ. ಆದರೆ ಹಾಲಿನ ಹೊತ್ತು ಬಂದಾಗ ಮತ್ತೆ ತೊಟ್ಟಿಲ ಪಕ್ಕದಲ್ಲಿ ನಿಂತು ಕೈ ಚಾಚಿದಳು. ಓಣಿ ಪರದೆ ಬೇಡವೆಂದಿತು, ಅವಳೊಳಗಿನ ಪರದೆ ಹಾಗೆಯೇ ಉಳಿಯಿತು. ನನಗೆ ಅಳು ಬಂತು. ಇನ್ನು ಉಳಿದಿದ್ದ ದಾರಿ ಒಂದೇ, ಈ ಓಲೆಯನ್ನು ಇಲ್ಲಿಯವರೆಗೆ ಬರೆದಷ್ಟನ್ನೇ ಅವಳ ಮುಂದೆ ಕೂತು ಓದಿದೆ.

ಓದಿ, ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವುದನ್ನೂ ಹೇಳಿದೆ. ನಿಮ್ಮ ಮಗಳು ಸ್ಫೂರ್ತಿ ಕೂಸಾಗಿದ್ದಾಗ ಆಕೆಗೆ ನಿಮ್ಮ ಹಾಲು ಸಾಲಲಿಲ್ಲವಂತೆ. ನೋಡಲು ಬಂದವರೆಲ್ಲ “ಹಾಲು ಇಲ್ಲೇನವಾ? ಬೆಳ್ಳುಳ್ಳಿ ತಿನ್ನಬೇಕಿತ್ತಲ್ಲ” ಎನ್ನುತ್ತಿದ್ದರಂತೆ. ನೀವು ಗೋಡೆಯ ಕಡೆ ಮುಖ ಮಾಡಿ ಕೂತು, ಸೆರಗು ಮುಚ್ಚಿ ಬಾಟಲಿ ಹಿಡಿಯುತ್ತಿದ್ದಿರಂತೆ. ಆ ಸ್ಫೂರ್ತಿ ಮುಂದೆ ಗಟ್ಟಿ ದನಿಯ, ಗಟ್ಟಿ ನಗೆಯ ಹೆಂಗಸಾಗಿ, ಮೊಮ್ಮಕ್ಕಳನ್ನು ಕಂಡು ಬಾಳಿದಳು. ಅವಳಿಂದ ನಾವೆಲ್ಲ ಆದೆವು. ಇಷ್ಟು ಹೇಳಿ ನಿಲ್ಲಿಸಿದಾಗ ಮುಕ್ತವ್ವ ಕೇಳಿದಳು: “ಆಕಿ ಕೂಸನ್ನ ಎದಿಗೆ ಹಚ್ಗೊಂಡಿದ್ಲೇನ ಯವ್ವಾ? ಇಲ್ಲಾ ನನ್ನಂಗ ದೂರ ಹಿಡದಿದ್ಲ?”

ಅದು ನನಗೆ ಗೊತ್ತಿಲ್ಲ, ದಾಕ್ಷಾಯಣವ್ವ. ಯಾರಿಗೂ ಗೊತ್ತಿಲ್ಲ. ನೀವು ಗೋಡೆಯ ಕಡೆ ತಿರುಗಿದ್ದಿರಿ, ನೋಡಿದವರಿಗೆ ಬರೀ ನಿಮ್ಮ ಬೆನ್ನು ಕಂಡಿತ್ತು. ಸ್ಫೂರ್ತಿ ಕೂಸಾಗಿದ್ದಳು, ಆಕೆಗೆ ನೆನಪಿರುವುದಾದರೂ ಹೇಗೆ? ನಾನು ಮಗಳ ಮುಖ ನೋಡಿದೆ. “ಹೂಂ, ಹಚ್ಗೊಂಡಿದ್ಲು. ಗಟ್ಟಿಯಾಗಿ ಹಚ್ಗೊಂಡಿದ್ಲು” ಎಂದುಬಿಟ್ಟೆ.

ಮುಕ್ತವ್ವ ಎದ್ದು, ಕೂಸನ್ನು ಎತ್ತಿ, ಎದೆಗೆ ಆನಿಸಿಕೊಂಡು ಬಾಟಲಿ ಕೊಟ್ಟಳು. ಕೂಸು ಮೊದಲು ಸೂರು ನೋಡಿತು. ಹಾಲು ಕುಡಿಯುತ್ತ ಕುಡಿಯುತ್ತ ಕಣ್ಣು ಕೆಳಗಿಳಿಸಿ ತಾಯಿಯ ಮುಖದ ಮೇಲೆ ನಿಲ್ಲಿಸಿತು, ಹಾಲು ಮುಗಿದರೂ ತೆಗೆಯಲಿಲ್ಲ. ಈಗ ನಾನು ಈ ಕೊನೆಯ ಸಾಲುಗಳನ್ನು ಬರೆಯುತ್ತಿರುವಾಗಲೂ ಅವರಿಬ್ಬರು ಹಾಗೆಯೇ ಕೂತಿದ್ದಾರೆ.

ನಾನು ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿದ್ದೇನೆ, ಅದನ್ನು ಸುಳ್ಳಾಗಗೊಡದೆ ಇರುವುದು ನಿಮ್ಮೊಬ್ಬರ ಕೈಯಲ್ಲಿದೆ. ನೀವು ಇನ್ನೂ ಅಲ್ಲಿದ್ದೀರಿ, ಸ್ಫೂರ್ತಿ ಇನ್ನೂ ಕೂಸಾಗಿದ್ದಾಳೆ, ಬಾಟಲಿಯಲ್ಲಿ ಹಾಲು ಇನ್ನೂ ಬೆಚ್ಚಗಿದೆ. ಜನ ಏನಾದರೂ ಅನ್ನಲಿ. ನಿಮ್ಮ ಮೊಮ್ಮಗಳ ಮರಿಮಗಳು ನಿಮ್ಮ ಪರವಾಗಿ ಮಾತು ಕೊಟ್ಟಿದ್ದಾಳೆ. ಅವ್ವಾ, ಕೂಸನ್ನು ಎತ್ತಿಕೊಳ್ಳಿ.

ನಿಮ್ಮ
ನೀಲವ್ವ