ನಿನ್ನ ಕೊರಿಯನ್ ಟೀಚರಮ್ಮನಿಗೆ ಹೇಳಿಬಿಟ್ಟೆ

ಇವಳೇ,

ನೆನಪಿದೆಯಾ ನಿನ್ನ ಮೊದಲ ಕ್ಲಾಸು? ಕೊರಿಯಾ ಸೀರಿಯಲ್ ನೋಡಿ ನೋಡಿ, ಆ ಭಾಷೆ ಕಲಿತೇ ತೀರುತ್ತೇನೆಂದು ಹಟ ಹಿಡಿದು, ನನ್ನ ಹೊಲಿಗೆ ಮೆಷಿನ್ನಿಗೆ ಮೊಬೈಲು ಒರಗಿಸಿಕೊಂಡು ನೀನು ಕೂತಿದ್ದೆ. ಸಿಯೋಲ್‌ನಿಂದ ಟೀಚರಮ್ಮ 'ಪದ್ಮಾ-ಸ್ಸಿ' ಎಂದು ಕರೆದರು. 'ಸ್ಸಿ' ಎಂದರೆ ಮರ್ಯಾದೆಯಂತೆ. ನೀನು ಹಿಗ್ಗಿ ಹೀರೇಕಾಯಿಯಾದೆ.

"ನೋಡ್ರೀ, ಸಮುದ್ರದಾಚೆಯಿಂದ ಮರ್ಯಾದೆ ಬತ್ತೈತೆ. ನೀವು ಒಂದಿನಾನಾದ್ರೂ ನನ್ನ 'ಬನ್ನಿ' ಅಂದಿದೀರಾ?"

"ಕಟ್ಕೊಂಡ ಹೆಂಡ್ತೀನ ಯಾರಾದ್ರೂ ಬನ್ನಿ ಅಂತಾರೇನೇ? ಸುಮ್ಕಿರು, ಗುಬ್ಬಿ ಜನ ನಗ್ತಾರೆ!" ಎಂದಿದ್ದೆ. ಎಂಥ ಕತ್ತೆ ನಾನು!

ನಿನ್ನ ತಿಥಿ ಮುಗಿದು, ಅಮೃತೂರಿನ ನಿನ್ನ ಅಣ್ಣಂದಿರೂ ಬಸ್ಸು ಹತ್ತಿದ ಸಂಜೆ, ಸರಿಯಾಗಿ ಆರಕ್ಕೆ ಮೊಬೈಲು ಹೊಡೆದುಕೊಂಡಿತು. ಮಂಗಳವಾರ, ನಿನ್ನ ಕ್ಲಾಸಿನ ಹೊತ್ತು. "ಪದ್ಮಾ-ಸ್ಸಿ?" ಎಂದು ಟೀಚರಮ್ಮ ಹುಡುಕುತ್ತಿದ್ದಾರೆ. 'ಡೆತ್' ಎಂಬ ಇಂಗ್ಲಿಷು ನನಗೆ ಗೊತ್ತಿತ್ತು. ಸರ್ಟಿಫಿಕೇಟಿಗೆಂದು ಅದನ್ನೇ ಹೇಳಿ ಹೇಳಿ ಬಾಯಿ ಕಹಿಯಾಗಿತ್ತು. ನೀನು ಕಲಿತ ಭಾಷೆಯಲ್ಲೇ ಹೇಳೋಣವೆಂದು ನಿನ್ನ ನೋಟ್‌ಬುಕ್ಕು ತಿರುವಿದೆ. 'ಹೋದಳು' ಎಂಬುದಕ್ಕೆ 'ಕಸ್ಸೊಯೊ' ಎಂದು ನೀನು ಕನ್ನಡ ಅಕ್ಷರದಲ್ಲಿ ಬರೆದಿದ್ದೆ. ಅದನ್ನೇ ಅಂದೆ. ನಮ್ಮ ಜನಕ್ಕಾದರೆ 'ಹೋದಳು' ಅಂದ ದನಿಗೇ ಅರ್ಥವಾಗುತ್ತಿತ್ತು. ಅವರು ನಕ್ಕು, ಊರಿಗೆ ಹೋದರಾ, ಯಾವಾಗ ಬರುತ್ತಾರೆ ಎಂದು ಕೈಸನ್ನೆಯಲ್ಲಿ ಕೇಳಿದರು. ಹೌದೆಂದು ತಲೆಯಾಡಿಸಿದೆ. ಹಾಗಾದರೆ ಅಲ್ಲಿಯವರೆಗೆ ನೀವೇ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು.

ಅಂದಿನಿಂದ ನಿನ್ನ ಜಾಗದಲ್ಲಿ ನಾನು. ನಿಜ ಹೇಳಲಾ? ವಾರದಲ್ಲಿ ನಾನು ಕೂತು ಮಾತಾಡುವುದೆಂದರೆ ಆ ಒಂದು ಗಂಟೆಯೇ. ಗಿರಾಕಿಗಳು ಅಳತೆ ಕೊಟ್ಟು ಹೋಗುತ್ತಾರೆ. ಮನೆಗೆ ಬಂದರೆ ಕುಕ್ಕರ್ ಕೂಗುವುದೊಂದೇ ಸದ್ದು. ಮತ್ತೆ, ಭೂಮಿಯ ಮೇಲೆ ಒಬ್ಬರ ಲೆಕ್ಕದಲ್ಲಾದರೂ ನೀನು ಊರಿಗೆ ಹೋಗಿದ್ದೆ, ನಾಳೆಯೋ ನಾಡಿದ್ದೋ ಬರುವವಳಿದ್ದೆ... ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ನಿನ್ನೆ ಟೀಚರಮ್ಮ ಒಂದು ಪುಸ್ತಕ ತೋರಿಸಿದರು. ನಿನಗೆಂದೇ ತೆಗೆದಿಟ್ಟದ್ದಂತೆ, ಕಳಿಸಲು ವಿಳಾಸ ಬೇಕಂತೆ. ಇನ್ನು ಸುಳ್ಳು ನಡೆಯದು ಅನ್ನಿಸಿತು. ಬಾಯಿಪಾಠ ಮಾಡಿಕೊಂಡಿದ್ದ ಮಾತು ಹೇಳಿದೆ: "ತೊರಾಗಾಶ್ಯೊಸ್ಸೊಯೊ." ತೀರಿಕೊಂಡರು ಎಂದು. ಅದು ಹಿರಿಯರಿಗೆ ಹೇಳುವ ಮರ್ಯಾದೆಯ ಮಾತು, ತನ್ನ ಹೆಂಡತಿಗೆ ಹೇಳಬಾರದು ಎಂದು ಪಾಠದಲ್ಲೇ ಇದೆ. ಗೊತ್ತಿದ್ದೇ ಹೇಳಿದೆ. ಒಂದಕ್ಷರ ಜಾರಿದರೂ ತಿದ್ದುವ ಟೀಚರಮ್ಮ ಅದನ್ನು ತಿದ್ದಲಿಲ್ಲ. ತಲೆ ತಗ್ಗಿಸಿದರು. ನಾನು ಅತ್ತುಬಿಟ್ಟೆ ಕಣೇ. ತುಮಕೂರಿನ ಆಸ್ಪತ್ರೆಯಲ್ಲೂ ಅಷ್ಟು ಅತ್ತಿರಲಿಲ್ಲ.

ಇನ್ನು ಮೇಲೆ ಕ್ಲಾಸು ನನ್ನ ಹೆಸರಿನಲ್ಲೇ. ಆ ಪುಸ್ತಕ ಬಂದರೆ ನಿನ್ನ ಫೋಟೋದ ಮುಂದೆ ಕೂತು ಓದಿ ಹೇಳುತ್ತೇನೆ, ತಪ್ಪೋ ಒಪ್ಪೋ. ಈಗ ಮನೆಯಲ್ಲಿ ನಾನೊಬ್ಬನೇ, ನಗುವುದಕ್ಕೆ ಯಾರೂ ಇಲ್ಲ. ಒಂದು ಸಲ ಕನಸಿಗಾದರೂ ಬನ್ನಿ.

ಬನ್ನಿ ಅಂದೆ. ಕೇಳಿಸ್ತೇನೇ?